ಕೂಂತಳ್‌ಗೆ ಎಷ್ಟು ಇಂದ್ರಿಯ

ಸುಪ್ರಿಯಾ ಬರೆದ ವಾಕ್ಯದಿಂದ ಆರು ವರ್ಷಗಳಲ್ಲಿ ಒಬ್ಬರಿಗೂ ಬೇಸರವಾದದ್ದಿಲ್ಲ. ಪಾಠ ತಲೆಗೆ ಹತ್ತದ ಹುಡುಗಿಯ ಪ್ರಗತಿ ಪತ್ರದಲ್ಲಿ ಅವಳು 'ತನ್ನದೇ ವೇಗದಲ್ಲಿ ಮುಂದುವರಿಯುತ್ತಿದ್ದಾಳೆ' ಎಂದು ಬರೆಯುತ್ತಿದ್ದಳು. ಸೋರುವ ಪ್ರಯೋಗಾಲಯದ ಬಗ್ಗೆ ವರದಿ ಕೇಳಿದಾಗ 'ಗಾಳಿ, ಬೆಳಕು, ನೀರು ಧಾರಾಳವಾಗಿವೆ' ಎಂದು ಬರೆದುಕೊಟ್ಟಿದ್ದಳು. ಸುಲ್ತಾನ್ ಬತ್ತೇರಿಯ ಹೊರಗಿರುವ ಆ ಅನುದಾನಿತ ಶಾಲೆಯಲ್ಲಿ ಅವಳು ಜೀವಶಾಸ್ತ್ರದ ತಾತ್ಕಾಲಿಕ ಶಿಕ್ಷಕಿ. ಪ್ರತಿ ಮಾರ್ಚಿನಲ್ಲಿ ಕೆಲಸ ಮುಗಿಯುತ್ತಿತ್ತು, ಪ್ರತಿ ಜೂನಿನಲ್ಲಿ ಕರೆ ಬಂದರೆ ಮತ್ತೆ ಶುರುವಾಗುತ್ತಿತ್ತು. ನಡುವಿನ ಎರಡು ತಿಂಗಳು, ಎದುರಿಗೆ ಸಿಕ್ಕವರ ಮುಖದಲ್ಲಿ ತನ್ನ ಬಗ್ಗೆ ಏನಾದರೂ ಬದಲಾಗಿದೆಯೇ ಎಂದು ನೋಡುವುದರಲ್ಲೇ ಕಳೆದುಹೋಗುತ್ತಿತ್ತು. ಹೀಗೆ ಬದುಕುವವರ ಬಾಯಿಗೆ ಮೆತ್ತಗಿನ ಮಾತು ತಾನಾಗಿಯೇ ಬರುತ್ತದೆ.

ಈ ವರ್ಷ ಮಾತ್ರ ಮುಖ ನೋಡುವ ಕೆಲಸ ಮಾರ್ಚಿಗೆ ಮೊದಲೇ ಶುರುವಾಗಿತ್ತು. ಜೀವಶಾಸ್ತ್ರದ ಹಿರಿಯ ಟೀಚರ್ ನಿವೃತ್ತರಾಗಿ ಕಾಯಂ ಹುದ್ದೆಯೊಂದು ಖಾಲಿಯಾಗಿತ್ತು. ತುಂಬುವ ಅಧಿಕಾರ ಶಾಲೆಯ ಮ್ಯಾನೇಜರ್ ಧರ್ಮರಾಜರದು. ಮೆಣಸು, ಕಾಫಿ ಬೆಳೆಯುವ ಹಳೆಯ ಜೈನ ಮನೆತನದ, ಊರವರ ಬಾಯಲ್ಲಿ 'ಗೌಡರು' ಆಗಿದ್ದ ಅವರು ಸುಪ್ರಿಯಾಳ ಅಪ್ಪನಿಗೆ ಅಣ್ಣನ ಸಾಲಿನವರು, ಅವಳಿಗೆ ದೊಡ್ಡಪ್ಪ. ನಂಟು ಇದ್ದದ್ದೇ ತೊಡಕು. ಕೆಲಸ ಕೊಟ್ಟರೆ ಮನೆಯವಳಿಗೆ ಕೊಟ್ಟರು ಎನ್ನುತ್ತಾರೆ, ಕೊಡದಿದ್ದರೆ ಮನೆಯವಳಿಗೇ ಕೊಡಲಿಲ್ಲ ಎನ್ನುತ್ತಾರೆ. ಎರಡೂ ಮಾತು ಕೇಳಿಸಿಕೊಳ್ಳುವ ಇಷ್ಟವಿಲ್ಲದ ಧರ್ಮರಾಜರು ಫೈಲನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನಿದ್ದರು.

ಅಷ್ಟರಲ್ಲಿ ಶಾಲೆಯ ನಿಸರ್ಗ ಕ್ಲಬ್ಬಿಗೆ ಒಂದು ಲಾಂಛನ ಬೇಕೆಂದಾಯಿತು. ಸಮಿತಿ ಕೂತಿತು. ಆನೆ ಬೇಡ, ಆನೆಯ ಹೆಸರೆತ್ತಿದರೆ ಬಾಳೆ ಕಳೆದುಕೊಂಡ ಅರ್ಧ ಊರಿಗೆ ಕೋಪ. ಹುಲಿ ಬೇಡ, ಹುಲಿಯೆಂದರೆ ದನ ಕಳೆದುಕೊಂಡ ಇನ್ನರ್ಧ ಊರು ರಸ್ತೆ ತಡೆಯುತ್ತದೆ. ಹಂದಿ, ಮಂಗ, ಕಾಡೆಮ್ಮೆ ಎಲ್ಲಕ್ಕೂ ಊರಿನಲ್ಲಿ ಒಬ್ಬೊಬ್ಬ ಶತ್ರು ಇದ್ದೇ ಇದ್ದ. ಆದ್ದರಿಂದ ವಯನಾಡಿನಲ್ಲಿ ಇಲ್ಲದ ಪ್ರಾಣಿಯೇ ವಯನಾಡಿಗೆ ಕ್ಷೇಮ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು.

ಧರ್ಮರಾಜರ ಬಳಿ ಅಂಥದೊಂದು ಪ್ರಾಣಿ ಸಿದ್ಧವಾಗಿತ್ತು. ಹಿಂದಿನ ವರ್ಷ ಅವರು ಶಿಖರಜಿ ಯಾತ್ರೆ ಮುಗಿಸಿ, ಹೆಂಡತಿ ಗುಣವತಿಯ ಜೊತೆ ಡಾರ್ಜಿಲಿಂಗ್ ಕಡೆಗೆ ಹೋಗಿದ್ದರು. ಅಲ್ಲಿಯ ಒಂದು ಕೊಳದ ದಂಡೆಯಲ್ಲಿ ಅಪರೂಪದ ಸಲಮಾಂಡರ್ ಕಂಡಿತ್ತು. ನೋಡಲು ಹಲ್ಲಿಯಂತೆ, ಕುಲದಿಂದ ಕಪ್ಪೆಯ ನೆಂಟ, ಮೈತುಂಬ ಗುಳ್ಳೆ. ಅರವತ್ತೆಂಟರ ಧರ್ಮರಾಜರು ಬಿಳಿ ಪಂಚೆಯಲ್ಲೇ ಹಸಿ ಹುಲ್ಲಿನ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಅದರ ಫೋಟೋ ತೆಗೆದಿದ್ದರು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಮೊದಲು ಆ ಫೋಟೋ, ಆಮೇಲೆ ಕಾಫಿ. "ಯಾರ ತಂಟೆಗೂ ಹೋಗಲ್ಲ, ಓಡಲ್ಲ, ಕೂಗಲ್ಲ. ಪಕ್ಕಾ ನಮ್ಮವರ ಸ್ವಭಾವ," ಎನ್ನುತ್ತಿದ್ದರು.

ಎದುರು ನಿಂತವನು ರಕ್ಷಕ ಶಿಕ್ಷಕ ಸಂಘದ ಅಧ್ಯಕ್ಷ ರತೀಶ್. ಬತ್ತೇರಿ ಪೇಟೆಯಲ್ಲಿ ಅವನದು ಕಡಲ ಸರಕಿನ ಅಂಗಡಿ. ಸಮುದ್ರ ಘಟ್ಟದ ಕೆಳಗೆ ನೂರು ಕಿಲೋಮೀಟರ್ ದೂರವಿದ್ದರೂ ಸಮುದ್ರದ ಬಗ್ಗೆ ಮಾತಾಡುವ ಹಕ್ಕು ಇಡೀ ಊರಿನಲ್ಲಿ ತನಗೊಬ್ಬನಿಗೇ ಎಂದು ಅವನ ನಂಬಿಕೆ. ಅವನ ಪ್ರಾಣಿ ಸ್ಕ್ವಿಡ್. ಇಲ್ಲಿಯವರ ಬಾಯಲ್ಲಿ ಅದು ಕೂಂತಳ್, ಮಂಗಳೂರಿನವರ ಬೊಂಡಾಸ್. ಗುಂಡ್ಲುಪೇಟೆ ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಅವನು ವಾದಿಸಿದ: "ಮೂರು ಹೃದಯ ಗೌಡರೇ, ಮೂರು. ರಕ್ತ ನೀಲಿ, ನಮ್ಮ ಯೂನಿಫಾರಮ್ಮೂ ನೀಲಿ. ಕೈ ಹತ್ತು, ನಮ್ಮ ಕ್ಲಾಸೂ ಹತ್ತು. ನಿಮ್ಮ ಹಲ್ಲಿಗೆ ಏನುಂಟು?"

"ಹಲ್ಲಿ ಅಲ್ಲ," ಎಂದರು ಧರ್ಮರಾಜರು.

ಯಾರು ಕೊನೆಗೆ ಮಾತಾಡುತ್ತಾರೋ ಅವರ ಪಕ್ಷ ಸೇರುವ ಹೆಡ್‌ಮಾಸ್ಟರ್ ಮೋಹನನ್ ಮಾಷ್‌ಗೆ ಅಂದು ಇಬ್ಬರೂ ಒಟ್ಟಿಗೆ ಮಾತು ನಿಲ್ಲಿಸಿದ್ದರಿಂದ ಕಷ್ಟವಾಯಿತು. ಅವರು ಸುಪ್ರಿಯಾಳ ಕಡೆ ತಿರುಗಿ, ಎರಡೂ ಪ್ರಾಣಿಗಳನ್ನು ಹೋಲಿಸಿ ನಿಷ್ಪಕ್ಷಪಾತವಾದ ಒಂದು ಪಟ್ಟಿ ತಯಾರಿಸಲು ಹೇಳಿದರು. ಹೆಚ್ಚು ಕಾಲಂ ಗೆದ್ದ ಪ್ರಾಣಿ ಲಾಂಛನವಾಗುತ್ತದೆ. "ಟೀಚರ್ ಬರೆದರೆ ಯಾರಿಗೂ ನೋವಾಗಲ್ಲ," ಎಂದು ಅವರು ಹೊಗಳಿದ್ದು ಅವಳಿಗೆ ಎಚ್ಚರಿಕೆಯಂತೆ ಕೇಳಿಸಿತು.

ಮೂರು ದಿನ ಕೂತು ಅವಳು ಪಟ್ಟಿ ಬರೆದಳು. ಸಲಮಾಂಡರ್ ಎರೆಹುಳು, ಕೀಟಗಳನ್ನು ನುಂಗುತ್ತದೆ ಎಂದರೆ ದೊಡ್ಡಪ್ಪನ ಮನಸ್ಸು ನೋಯುತ್ತದೆ. ಆಹಾರ ಎಂಬಲ್ಲಿ 'ಆಯಾ ಸ್ಥಳದಲ್ಲಿ ದೊರೆಯುವುದು' ಎಂದು ಬರೆದಳು. ಕೂಂತಳ್‌ಗೂ ಅದನ್ನೇ ಬರೆದಳು. ಸಲಮಾಂಡರಿನ ಚರ್ಮದಲ್ಲಿ ವಿಷವಿರುವುದನ್ನು 'ಮುಟ್ಟದವರಿಗೆ ನಿರುಪದ್ರವಿ' ಎಂದಳು. ಕೂಂತಳ್ ಶತ್ರುವಿನ ಮುಖಕ್ಕೆ ಮಸಿ ಉಗುಳುವುದು 'ಅಗತ್ಯ ಬಿದ್ದಾಗ ಶಾಯಿ ಬಳಸುತ್ತದೆ' ಎಂದಾಯಿತು. ಬಾಲವಿರುವುದು, ಇಲ್ಲದಿರುವುದು ಎರಡಕ್ಕೂ ಸಮಾನ ಗೌರವ ಸಿಗುವಂತೆ ನೋಡಿಕೊಂಡಳು.

ಪಕ್ಕದ ಕುರ್ಚಿಯ ಗಣಿತದ ಪದ್ಮಾಕ್ಷಿ ಟೀಚರ್ ಓದಿ ಕನ್ನಡಕ ತೆಗೆದರು. "ಸುಪ್ರಿಯೇ, ಇದನ್ನ ಓದಿದ್ರೆ ಎರಡೂ ಒಂದೇ ಪ್ರಾಣಿ, ಬೇರೆ ಬೇರೆ ಊರಿಗೆ ಮದುವೆಯಾಗಿ ಹೋಗಿದೆ ಅನ್ನಿಸುತ್ತೆ."

"ಹಾಗನ್ನಿಸಿದ್ರೆ ಒಳ್ಳೇದೇ ಅಲ್ವಾ ಟೀಚರ್?"

"ಒಳ್ಳೇದೇ. ನೀನು ಕಾಯಂ ಆಗ್ತೀಯ. ಇಲ್ಲಾಂದ್ರೆ ರಾಯಭಾರಿ ಆಗ್ತೀಯ."

ನಾಲ್ಕನೆಯ ದಿನ ಮ್ಯಾನೇಜರರಿಂದ ಮೋಹನನ್ ಮಾಷ್‌ಗೆ ಫೋನ್ ಬಂತು. ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಬೇಕು: ಇಂದ್ರಿಯಗಳು. ಮಾಷ್‌ಗೆ ಅರ್ಥವಾಗಲಿಲ್ಲ, ಸುಪ್ರಿಯಾಳಿಗೆ ಆಯಿತು. ಬಸದಿಯ ಪಾಠದಲ್ಲಿ ಚಿಕ್ಕಂದಿನಲ್ಲೇ ಕಲಿತದ್ದು. ಮರಗಿಡಗಳಿಗೆ ಸ್ಪರ್ಶವೆಂಬ ಒಂದೇ ಇಂದ್ರಿಯ. ಹುಳು, ಶಂಖಗಳಿಗೆ ಸ್ಪರ್ಶ, ರುಚಿ ಎಂದು ಎರಡು. ಇರುವೆಗೆ ವಾಸನೆಯೂ ಸೇರಿ ಮೂರು, ಜೇನಿಗೆ ಕಣ್ಣೂ ಸೇರಿ ನಾಲ್ಕು. ಮೀನು, ಹಕ್ಕಿ, ಹಸು, ಮನುಷ್ಯರಿಗೆ ಕಿವಿಯೂ ಸೇರಿ ಐದು. ಇಂದ್ರಿಯ ಹೆಚ್ಚಿದಷ್ಟೂ ಆ ಜೀವಕ್ಕೆ ಮಾಡಿದ ಹಿಂಸೆಯ ಪಾಪ ಹೆಚ್ಚು. ಸಲಮಾಂಡರ್‌ಗೆ ಐದು ಎಂದು ದೊಡ್ಡಪ್ಪ ಆಗಲೇ ಎಣಿಸಿಕೊಂಡಿದ್ದರು. ಕೂಂತಳ್‌ಗೆ ಎಷ್ಟು ಎಂದು ತಮ್ಮನ ಮಗಳು ಬರೆಯಲಿ ಎಂದಿದ್ದರು.

ಅಂದು ಸಂಜೆ ಗುಣವತಿ ಅವಳನ್ನು ಮನೆಗೆ ಕರೆಸಿದರು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಹೆಸರುಕಾಳು ಆರಿಸುತ್ತ ಮೆಲ್ಲಗೆ ಕೇಳಿದರು.

"ಆ ಕೂಂತಳ್‌ಗೆ ಎಷ್ಟು ಬರೀತೀಯ ಮಗಾ?"

"ನೋಡ್ತಾ ಇದೀನಿ ದೊಡ್ಡಮ್ಮ."

"ನೋಡೋಕೇನಿದೆ. ಎರಡು ಅಂತ ಬರಿ."

"ಅದಕ್ಕೆ ಕಣ್ಣಿದೆಯಲ್ಲಾ ದೊಡ್ಡಮ್ಮ. ದೊಡ್ಡ ಕಣ್ಣು."

ಗುಣವತಿ ಕಾಳು ಆರಿಸುವುದನ್ನು ನಿಲ್ಲಿಸಿದರು. ಆಮೇಲೆ ಹೇಳಿದ್ದು ಇದು. ಪೇಟೆಯಲ್ಲಿರುವ ಧರ್ಮರಾಜರ ಹಳೆಯ ಕಟ್ಟಡ ಹತ್ತು ವರ್ಷದ ಹಿಂದೆ ಖಾಲಿ ಬಿದ್ದಿತ್ತು. ರತೀಶ್ ಕೇಳಿಕೊಂಡು ಬಂದ. ಮೀನಿಗೆ ಕೊಡುವುದಿಲ್ಲ ಎಂದರು ಇವರು. ಮೀನೇ ಇಲ್ಲ ಗೌಡರೇ, ಚಿಪ್ಪಿನ ಜಾತಿ ಮಾತ್ರ, ಕಲ್ಲುಮ್ಮಕಾಯಿ ಮತ್ತು ಕೂಂತಳ್, ಎಲ್ಲಾ ಶಂಖದ ಅಣ್ಣತಮ್ಮಂದಿರು ಎಂದ ಅವನು. ಧರ್ಮರಾಜರು ರಾತ್ರಿಯಿಡೀ ಗ್ರಂಥ ತೆರೆದು ನೋಡಿದರು. ಶಂಖಕ್ಕೆ ಎರಡು ಎಂದಿತ್ತು. ಬಾಡಿಗೆ ಕರಾರಿನಲ್ಲಿ ಏಳನೆಯ ಷರತ್ತು ಸೇರಿಸಿದರು: ಎರಡಕ್ಕಿಂತ ಹೆಚ್ಚು ಇಂದ್ರಿಯವುಳ್ಳ ಯಾವ ಜೀವಿಯನ್ನೂ ಈ ಕಟ್ಟಡದಲ್ಲಿ ಮಾರತಕ್ಕದ್ದಲ್ಲ. ರತೀಶ್ ಓದದೆ ಸಹಿ ಹಾಕಿದ.

"ಹತ್ತು ವರ್ಷದಿಂದ ಆ ಎರಡರ ಮೇಲೆ ತಲೆಯಿಟ್ಟು ಮಲಗ್ತಿದಾರೆ," ಎಂದರು ಗುಣವತಿ. "ಈಗ ನೀನು ಕಣ್ಣು ಅಂತೀಯ."

ಸುಪ್ರಿಯಾ ಬಸ್ಸಿನಲ್ಲಿ ಕೂತು ಎಣಿಸಿದಳು. ಎರಡು ಎಂದು ಬರೆದರೆ ಸಲಮಾಂಡರ್ ಗೆಲ್ಲುತ್ತದೆ, ದೊಡ್ಡಪ್ಪನ ನಿದ್ದೆ ಉಳಿಯುತ್ತದೆ, ರತೀಶನ ಅಂಗಡಿ ಉಳಿಯುತ್ತದೆ, ತನ್ನ ಹುದ್ದೆ ಬರುತ್ತದೆ. ಐದು ಎಂದು ಬರೆದರೆ ಇಷ್ಟೂ ಹೋಗುತ್ತದೆ. ಸಮ ಬಂತೆಂದು ಕುಣಿಯುವ ರತೀಶನೇ ಮೊದಲು ಬೀದಿಗೆ ಬೀಳುತ್ತಾನೆ. ಸುಳ್ಳಿನಿಂದ ಇಷ್ಟೊಂದು ಜನರಿಗೆ ಒಟ್ಟಿಗೆ ಉಪಕಾರವಾಗುವ ಸಂದರ್ಭ ಅವಳ ಜೀವನದಲ್ಲಿ ಹಿಂದೆ ಬಂದಿರಲಿಲ್ಲ. ಮನೆ ತಲುಪಿ ಆ ಕಾಲಂನಲ್ಲಿ 'ಪರಿಶೀಲನೆಯಲ್ಲಿದೆ' ಎಂದು ಬರೆದಳು. ಅದನ್ನು ಅಳಿಸಿ 'ಎರಡು (ಪರಂಪರೆಯಂತೆ)' ಎಂದು ಬರೆದಳು. ಕಂಸ ಹಾಕಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಸಮಿತಿಯ ಸಭೆಗೆ ರತೀಶ್ ಥರ್ಮಾಕೋಲ್ ಡಬ್ಬಿ ಹೊತ್ತುಕೊಂಡೇ ಬಂದ. ಧರ್ಮರಾಜರು ಕುರ್ಚಿಯನ್ನು ಕಿಟಕಿಯವರೆಗೆ ಸರಿಸಿಕೊಂಡರು. ಮೋಹನನ್ ಮಾಷ್ ಪಟ್ಟಿ ಓದುತ್ತ ಹೋದಂತೆ ಎಲ್ಲ ಕಾಲಂಗಳೂ ಸಮ ಸಮ ಬಂದವು. ಕೊನೆಯ ಕಾಲಂ ಬಂತು. ಸಲಮಾಂಡರ್, ಐದು. ಕೂಂತಳ್, ಎರಡು, ಪರಂಪರೆಯಂತೆ.

"ಎರಡಾ?" ರತೀಶ್ ಎದ್ದು ನಿಂತ. "ಯಾರ ಪರಂಪರೆ ಟೀಚರೇ? ಕೂಂತಳ್‌ದೋ, ನಿಮ್ಮದೋ?"

"ಕೂತ್ಕೋ ರತೀಶಾ," ಎಂದರು ಧರ್ಮರಾಜರು. ಅವರ ಮುಖದಲ್ಲಿ ಬಹಳ ದಿನಗಳ ನಂತರ ಗೆಲುವು ಕಂಡಿತು. "ಸೈನ್ಸ್ ಓದಿದವರು ಬರೆದಿದಾರೆ."

ರತೀಶ್ ಕೂರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಐಸಿನ ಮೇಲಿದ್ದ ಮೊಳದುದ್ದದ ಕೂಂತಳನ್ನು ಬಾಳೆಲೆಯ ಸಮೇತ ಎತ್ತಿ ಕಿಟಕಿಯ ಬಳಿ ಒಯ್ದ. ಹತ್ತು ವರ್ಷದಿಂದ ತಮ್ಮ ಕಟ್ಟಡದ ಮುಂದೆ ಹಾದುಹೋಗುವಾಗೆಲ್ಲ ಕಾರಿನ ಗಾಜು ಏರಿಸಿ ಎದುರಿನ ಔಷಧಿ ಅಂಗಡಿಯ ಬೋರ್ಡು ಓದುತ್ತಿದ್ದ ಧರ್ಮರಾಜರು ಜೀವನದಲ್ಲಿ ಮೊದಲ ಸಲ ಕೂಂತಳನ್ನು ನೋಡಿದರು. ಮುಖ ತಿರುಗಿಸಿ ಓದಲು ಕಿಟಕಿಯಾಚೆ ಯಾವ ಬೋರ್ಡೂ ಇರಲಿಲ್ಲ. ಬಿಳಿ ಮೈಯಲ್ಲಿ ರೂಪಾಯಿ ನಾಣ್ಯದಷ್ಟಗಲದ ಕಪ್ಪು ಕಣ್ಣು ಅವರತ್ತ ಇತ್ತು.

ಅವರು ಕುರ್ಚಿಯಿಂದ ಬಗ್ಗಿ ಅದನ್ನು ಹತ್ತಿರದಿಂದ ನೋಡಿದರು. ಆಮೇಲೆ ಶಾಲೆಯಲ್ಲಿ ಎಂದೂ ಮಾಡದ ಹಾಗೆ ಮನೆಯ ದನಿಯಲ್ಲಿ ಕೇಳಿದರು. "ಸುಪ್ರಿಯಾ, ಇದು ಕಣ್ಣಾ?"

ಅವಳ ನಾಲಿಗೆಯ ಮೇಲೆ ನಾಲ್ಕಾರು ಒಳ್ಳೆಯ ವಾಕ್ಯಗಳು ಬಂದು ನಿಂತವು. ಕಣ್ಣಿನಂತೆ ಕಾಣುವ ಭಾಗ. ಬೆಳಕಿಗೆ ಸಂಬಂಧಿಸಿದ ರಚನೆ. ಮೋಹನನ್ ಮಾಷ್ ಪೆನ್ನು ಹಿಡಿದು ಅಂಥದೊಂದಕ್ಕೆ ಕಾಯುತ್ತಿದ್ದರು. ಆದರೆ ದೊಡ್ಡಪ್ಪನ ಮುಖದಲ್ಲಿದ್ದದ್ದು ಮ್ಯಾನೇಜರರ ಪ್ರಶ್ನೆಯಲ್ಲ. ನಿಜವಾಗಿಯೂ ಗೊತ್ತಿಲ್ಲದವರ ಪ್ರಶ್ನೆ. ತರಗತಿಯಲ್ಲಿ ಮಕ್ಕಳು ಹಾಗೆ ಕೇಳಿದಾಗ ಅವಳು ಸುತ್ತಿ ಬಳಸಿ ಹೇಳಿದವಳಲ್ಲ.

"ಕಣ್ಣು, ದೊಡ್ಡಪ್ಪ."

"ಕಾಣುತ್ತಾ?"

"ಸಮುದ್ರದಲ್ಲಿದ್ದಾಗ ಚೆನ್ನಾಗಿ ಕಾಣುತ್ತಿತ್ತು."

"ಮೂಗು?"

"ವಾಸನೆ ತಿಳಿಯುತ್ತೆ."

ಧರ್ಮರಾಜರು ಕೊನೆಯ ಕೊಂಬೆ ಹಿಡಿದರು. "ಕಿವಿ? ಕಿವಿಯಂತೂ ಇಲ್ಲ, ಅಲ್ವಾ?"

"ಹೊರಗೆ ಕಿವಿ ಇಲ್ಲ, ಆದ್ರೆ ಸದ್ದು ತಿಳಿಯುತ್ತೆ. ಹೊರಕಿವಿ ನಿಮ್ಮ ಸಲಮಾಂಡರ್‌ಗೂ ಇಲ್ಲ. ಕಿವಿ ಕಾಣಲಿಲ್ಲ ಅಂತ ಇದಕ್ಕೆ ಒಂದು ಕಳೆದ್ರೆ ಅದಕ್ಕೂ ಕಳೀಬೇಕಾಗುತ್ತೆ."

ತನ್ನ ಸಲಮಾಂಡರನ್ನು ನಾಲ್ಕಕ್ಕೆ ಇಳಿಸಲು ಧರ್ಮರಾಜರಿಗೆ ಮನಸ್ಸಾಗಲಿಲ್ಲ. "ಎರಡಕ್ಕೂ ಐದು ಅಂತ ಬರೀರಿ," ಎಂದು ಎದ್ದು ಹೊರಗೆ ಹೋದರು. ರತೀಶ್ ಕೂಂತಳನ್ನು ಮಗುವಿನಂತೆ ಎತ್ತಿ ಡಬ್ಬಿಗೆ ಹಾಕಿದ. "ಸಮ ಬಂತಲ್ಲ. ಅಷ್ಟು ಸಾಕು ಟೀಚರೇ." ಓದದೆ ಸಹಿ ಹಾಕಿದ್ದ ಏಳನೆಯ ಷರತ್ತು ಅವನಿಗೆ ಗೊತ್ತೇ ಇರಲಿಲ್ಲ. ಪದ್ಮಾಕ್ಷಿ ಟೀಚರ್ ಮಾತ್ರ ಅವಳ ಬೆನ್ನು ತಟ್ಟಿ, "ಮೇ ತಿಂಗಳಲ್ಲಿ ಟ್ಯೂಷನ್ ಶುರು ಮಾಡು, ನಮ್ಮ ಅಕ್ಕನ ಮಗಳನ್ನ ಕಳಿಸ್ತೀನಿ," ಎಂದರು.

ಐದು ದಿನ ಏನೂ ಆಗಲಿಲ್ಲ. ಧರ್ಮರಾಜರು ಶಾಲೆಗೆ ಬರಲಿಲ್ಲ. ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಗುಣವತಿ ಫೋನಿನಲ್ಲಿ ಹೇಳಿದರು, ಬೈಯಲಿಲ್ಲ. ಸುಪ್ರಿಯಾ ಪೆನ್ನು, ಸ್ಟೆಪ್ಲರ್, ಮಕ್ಕಳು ಕೊಟ್ಟ ಕಾರ್ಡುಗಳನ್ನು ಒಂದು ಚೀಲಕ್ಕೆ ತುಂಬಿಟ್ಟಳು. ಆರನೆಯ ದಿನ ಸಂಜೆ ಐದೂವರೆಗೆ ಕರೆ ಬಂತು.

ಜಗಲಿಯ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಅವಳ ನೇಮಕದ ಆದೇಶ, ಸಹಿಯ ಜಾಗ ಖಾಲಿ. ಇನ್ನೊಂದು ಬಾಡಿಗೆ ಕರಾರಿಗೆ ಲಗತ್ತಿಸುವ ಪ್ರಮಾಣಪತ್ರ. ಏಳನೆಯ ಷರತ್ತನ್ನು ಆಗಷ್ಟೇ ಓದಿಸಿಕೊಂಡ ರತೀಶ್ ಮೂಲೆಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಧರ್ಮರಾಜರ ಮುಖ ತೆಳ್ಳಗಾಗಿತ್ತು, ಆದರೆ ಕಣ್ಣಿನಲ್ಲಿ ಹೊಳಪು ಬಂದಿತ್ತು.

"ದಾರಿ ಸಿಕ್ಕಿತು ಮಗಳೇ. ಇಷ್ಟು ದಿನ ನಾವು ಸಮುದ್ರದಲ್ಲಿರೋ ಕೂಂತಳ್ ಎಣಿಸ್ತಿದ್ವಿ. ನಮ್ಮ ಕಟ್ಟಡಕ್ಕೆ ಬರೋದು ಯಾವುದು? ಐಸಿನಲ್ಲಿರೋದು. ಅದು ನೋಡುತ್ತಾ? ಕೇಳುತ್ತಾ?"

ಸುಪ್ರಿಯಾ ಪ್ರಮಾಣಪತ್ರ ಓದಿದಳು. 'ಮಂಜುಗಡ್ಡೆಯಲ್ಲಿ ಕಟ್ಟಡಕ್ಕೆ ಬರುವ ಕೂಂತಳ್‌ನ ಇಂದ್ರಿಯಗಳು: ಸೊನ್ನೆ.' ಕೆಳಗೆ ಜೀವಶಾಸ್ತ್ರ ಶಿಕ್ಷಕಿಯ ಸಹಿಗೆ ಜಾಗ. ಸೊನ್ನೆ ಎರಡಕ್ಕಿಂತ ಕಡಿಮೆ. ಷರತ್ತು ಮುರಿಯುವುದಿರಲಿ, ಹತ್ತು ವರ್ಷದಲ್ಲಿ ಮೊದಲ ಸಲ ಇಷ್ಟು ಚೆನ್ನಾಗಿ ಪಾಲನೆಯಾಗುತ್ತಿತ್ತು.

"ಸುಳ್ಳೇನಿಲ್ಲವಲ್ಲ?" ಎಂದರು ಧರ್ಮರಾಜರು.

ಸುಳ್ಳಿರಲಿಲ್ಲ. ಅದೇ ಅವಳ ಕಷ್ಟ. ಅವಳು ಮತ್ತೊಮ್ಮೆ ಓದಿದಳು, ಮಗದೊಮ್ಮೆ ಓದಿದಳು. ಒಳಗಿನಿಂದ ಗುಣವತಿ ಬಂದು ಬಾಗಿಲಲ್ಲಿ ನಿಂತರು. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಬಿಸಿಲು ಆಗಲೇ ಕಾಫಿ ಗಿಡಗಳ ತುದಿಗೆ ಹೋಗಿತ್ತು.

"ಬಡಿಸಿದೀನಿ," ಎಂದರು ಅವರು. "ಹದಿನೈದು ನಿಮಿಷ ಇದೆ."

ಸುಪ್ರಿಯಾ ಪೆನ್ನು ತೆಗೆದು ಸೊನ್ನೆಯ ಕೆಳಗೆ ಒಂದು ಸಾಲು ಬರೆದಳು: 'ಹಿಡಿಯುವಾಗ: ಐದು.' ಸಹಿ ಹಾಕದೆ ಕಾಗದವನ್ನು ದೊಡ್ಡಪ್ಪನ ಕಡೆಗೆ ತಳ್ಳಿದಳು.

"ಈ ಸಾಲು ಯಾಕೆ?"

"ಅದೂ ಸುಳ್ಳಲ್ಲ ದೊಡ್ಡಪ್ಪ."

"ಇದನ್ನ ಹೊಡೆದುಹಾಕು. ಬೇರೆ ಕಾಗದ ಕೊಡ್ತೀನಿ."

"ಆ ಸಾಲು ಇಲ್ದಿದ್ರೆ ನಾನು ಸಹಿ ಹಾಕಲ್ಲ."

ಧರ್ಮರಾಜರು ನೇಮಕದ ಆದೇಶದ ಮೇಲೆ ಅಂಗೈಯಿಟ್ಟರು. ಸುಪ್ರಿಯಾ ಆ ಅಂಗೈಯನ್ನು ನೋಡಿದಳು. ಮುಂದಿನ ಮಾರ್ಚ್, ಅದರ ಮುಂದಿನ ಮಾರ್ಚ್ ಎಲ್ಲ ಸಾಲಾಗಿ ಕಂಡವು. ಆದರೂ ಕೈ ಪೆನ್ನಿನ ಕಡೆಗೆ ಹೋಗಲಿಲ್ಲ.

"ಏನು ಬರೆದದ್ದು ಟೀಚರ್?" ರತೀಶ್ ಎದ್ದು ಬಂದು ಬಗ್ಗಿ ಓದಿದ. "ಐದು. ಬರೆದರಲ್ಲ. ಗೌಡರೇ, ಈ ಸಾಲು ಇರಬೇಕು. ಬರೀ ಸೊನ್ನೆ ಅಂತ ಇದ್ರೆ ನನ್ನ ಸರಕಿಗೆ ಮರ್ಯಾದೆ ಬೇಡವೇ? ಸತ್ತವರ ಫೋಟೋ ಕೆಳಗೆ ಅವರು ಏನಾಗಿದ್ರು ಅಂತ ಬರೆಯಲ್ವಾ?"

"ರತೀಶಾ, ನಿನಗೆ ಅರ್ಥ ಆಗ್ತಿಲ್ಲ."

"ಅರ್ಥ ಆಯ್ತು. ಈ ಸಾಲಿದ್ರೆ ಮಾತ್ರ ನನ್ನ ಸಹಿ." ಅವನು ಮೇಜಿನ ಪೆನ್ನನ್ನೇ ಎತ್ತಿ ಬಾಡಿಗೆದಾರನ ಜಾಗದಲ್ಲಿ ದೊಡ್ಡದಾಗಿ ಸಹಿ ಹಾಕಿದ.

"ಎಂಟು ನಿಮಿಷ," ಎಂದರು ಗುಣವತಿ.

ಧರ್ಮರಾಜರು ಗುಡ್ಡದ ಕಡೆ ನೋಡಿದರು. ಐದು ದಿನ ಅರೆಹೊಟ್ಟೆಯಲ್ಲಿದ್ದವರು. ಒಳಗಿನಿಂದ ತುಪ್ಪದ ಒಗ್ಗರಣೆಯ ಘಮ ಬರುತ್ತಿತ್ತು. ಹೊಸ ಕಾಗದ ಬರೆಯಲು ಹೊತ್ತಿಲ್ಲ, ಇದನ್ನು ನಾಳೆಗಿಟ್ಟರೆ ಇನ್ನೊಂದು ರಾತ್ರಿ ಆ ಕಪ್ಪು ಕಣ್ಣಿನ ಎದುರು ಮಲಗಬೇಕು. ಅವರು ಸೊನ್ನೆಯಿದ್ದ ಸಾಲಿನ ಮೇಲೆ ಬೆರಳಿಟ್ಟು, ಕೆಳಗಿನ ಸಾಲನ್ನು ಅಂಗೈಯಿಂದ ಮುಚ್ಚಿ, ಸಹಿ ಹಾಕಿದರು. ಸುಪ್ರಿಯಾಳೂ ಹಾಕಿದಳು. ಅದೇ ಓಘದಲ್ಲಿ ಅವರು ಪಕ್ಕದ ಕಾಗದಕ್ಕೂ ಸಹಿ ಹಾಕಿ ಎದ್ದರು.

"ನೀನೂ ಊಟಕ್ಕೆ ಬಾ. ನಾಲ್ಕು ನಿಮಿಷ ಇದೆ."

ರತೀಶ್ ಮೆಟ್ಟಿಲಿಳಿಯುತ್ತ ಕೇಳಿದ: "ಗೌಡರೇ, ಐಸಿನಲ್ಲಿ ಬಂದರೆ ಮತ್ತಿ ಮೀನಿಗೂ ಸೊನ್ನೆಯೇ ಅಲ್ವಾ?"

ಒಳಗೆ ಧರ್ಮರಾಜರು ಎಲೆಯ ಮುಂದೆ ಕೂತಿದ್ದರು. ಬಾಯಲ್ಲಿ ತುತ್ತಿತ್ತು.

ಮುಂದಿನ ವಾರದಿಂದ ಅಂಗಡಿಯಲ್ಲಿ ಮತ್ತಿಯೂ ಬಂತು. ಸುಪ್ರಿಯಾ ಕಾಯಂ ಆದಳು. ಐದು ಎಂಬ ಸತ್ಯ ಮೂವರ ಸಹಿಯೊಂದಿಗೆ ಕಬ್ಬಿಣದ ಬೀರು ಸೇರಿತು, ಅದರಿಂದ ಒಂದು ಕೂಂತಳ್ ಕೂಡ ಬದುಕಲಿಲ್ಲ. ಆರು ವರ್ಷ ತಾನು ಹೆದರುತ್ತಿದ್ದದ್ದು ಏತಕ್ಕೆ ಎಂದು ಅವಳು ಹಲವು ಸಲ ಕೇಳಿಕೊಂಡಳು. ನಿಜ ಬರೆದರೆ ಏನಾಗುತ್ತದೋ ಎಂಬ ಹೆದರಿಕೆಯ ಜಾಗದಲ್ಲಿ ಈಗ ಏನೂ ಆಗುವುದಿಲ್ಲ ಎಂಬ ಹೊಸ ಹೆದರಿಕೆ ಬಂದು ಕೂತಿತ್ತು.

ಸಮ ಬಂದ ಪಟ್ಟಿಯನ್ನು ಸಮಿತಿ ಗೌರವದಿಂದ ಇತ್ಯರ್ಥ ಮಾಡಿತು. ಬೋರ್ಡು ಬರೆಯುವ ಶಂಕರನ್ ಸಲಮಾಂಡರಿನ ಮೈಗೆ ಕೂಂತಳ್‌ನ ಹತ್ತು ಕೈ ಜೋಡಿಸಿ ಗೇಟಿನ ಮೇಲೆ ಬಣ್ಣ ಹಚ್ಚಿದ. ಧರ್ಮರಾಜರಿಗೆ ಮೈ ಹಿಡಿಸಿತು, ರತೀಶನಿಗೆ ಕೈ ಹಿಡಿಸಿತು. ಉದ್ಘಾಟನೆಯ ಕರಪತ್ರಕ್ಕೆ ಆ ಪ್ರಾಣಿಯ ಕಿರುಪರಿಚಯ ಬರೆದುಕೊಡಲು ಮೋಹನನ್ ಮಾಷ್ ಹೇಳಿದರು.

ಸುಪ್ರಿಯಾ ಈ ಸಲ ಮೂರು ದಿನ ತೆಗೆದುಕೊಳ್ಳಲಿಲ್ಲ. 'ಇಂಥ ಪ್ರಾಣಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ' ಎಂದು ಬರೆದು ಎದುರಿಗಿಟ್ಟು, ಅವರ ಮುಖವನ್ನೇ ನೋಡುತ್ತ ನಿಂತಳು.

ಮಾಷ್ ಎರಡು ಸಲ ಓದಿದರು. "ಒಳ್ಳೇದು ಟೀಚರ್. ನಮ್ಮ ಶಾಲೆಯಲ್ಲಿ ಮಾತ್ರ ಅಂತ ಆಗುತ್ತೆ. ಇದನ್ನ ದಪ್ಪ ಅಕ್ಷರದಲ್ಲಿ ಹಾಕಿಸೋಣ."